ಫೋನು ಮಂಡಿಪೇಟೆಯಲ್ಲಿ, ಬೀಗದ ಕೈ ಅಮೆರಿಕದಲ್ಲಿ!

ದಾವಣಗೆರೆ ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರ ಪಾಡು ಕೇಳಿ. ಅಮೆರಿಕದಲ್ಲಿ ನೌಕರಿಯಲ್ಲಿರುವ ಅಳಿಯ ದೀಪಾವಳಿಗೆ ಬಂದವನು ಮಾವನವರಿಗೆಂದು ಒಂದು ಫೋನು ತಂದ. ಅಂತಿಂಥ ಫೋನಲ್ಲ. ಕನ್ನಡಿಯಂಥ ಪರದೆ, ಬೆನ್ನಿಗೆ ಮೂರು ಕಣ್ಣು. ಮನೆಯ ವೈಫೈ ಪಾಸ್‌ವರ್ಡ್ ಹಾಕಿಕೊಟ್ಟ. ಸಿನಿಮಾ ಓಡಿತು, ಹಾಡು ಬಂತು, ಮಗಳ ಮನೆಯ ಕೂಸಿನ ಮುಖ ಕಂಡಿತು. ಸಾಹುಕಾರರು ಖುಷಿ. ಅಳಿಯ ವಿಮಾನ ಹತ್ತಿದ.

ಮರುದಿನ ಹಳೇ ಫೋನಿನ ಸಿಮ್ ತೆಗೆದು ಹೊಸದಕ್ಕೆ ಹಾಕಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ನೆಟ್‌ವರ್ಕ್ ಅನ್‌ಲಾಕ್ ಪಿನ್ ಹಾಕಿ. 'ಪಿನ್' ಅನ್ನೋದು ಕಂಡದ್ದೇ ತಡ, ಸಾಹುಕಾರರು ತಮ್ಮ ಎ.ಟಿ.ಎಂ. ಕಾರ್ಡಿನ ನಾಲ್ಕಂಕಿಯನ್ನೇ ಒತ್ತಿದರಂತೆ. ಅದೂ ಎರಡು ಸಲ! ಆಗಲಿಲ್ಲ. ಆ ಸಾಲನ್ನು ಪಕ್ಕಕ್ಕೆ ಸರಿಸಿ ನೋಡಿದರೆ ವೈಫೈ ಎಂದಿನಂತೆ ಓಡುತ್ತಿತ್ತು. 'ಎಲ್ಲಾ ಸರಿ ಐತೆ ಬಿಡ್ರಿ' ಎಂದು ಜೇಬಿಗೆ ಹಾಕಿ ಅಂಗಡಿಗೆ ಹೊರಟರು. ಮನೆಯ ಗೇಟು ದಾಟಿದರು, ನೆಟ್ ಮಾಯ. ಕಾಲೂ ಇಲ್ಲ. ಅಳಿಯನನ್ನೇ ಕೇಳೋಣವೆಂದರೆ ಅಲ್ಲಿ ಸರಿರಾತ್ರಿ. ಮೇಲಾಗಿ, ಹಬ್ಬಕ್ಕೆ ಕೊಟ್ಟ ಉಡುಗೊರೆ ಕೆಟ್ಟಿದೆ ಅಂತ ಅಳಿಯನಿಗೆ ಹೇಳೋದು ಯಾವ ಬಾಯಲ್ಲಿ?

ಅಲ್ಲಿಂದ ಶುರುವಾಯಿತು ರಿಪೇರಿ ಅಂಗಡಿಗಳ ಯಾತ್ರೆ. ಮೊದಲನೆಯವನು 'ನೆಟ್ ಸೆಟ್ಟಿಂಗ್ ಹೋಗೈತೆ' ಎಂದು 300 ರೂಪಾಯಿ ತೆಗೆದುಕೊಂಡ. ತನ್ನ ಅಂಗಡಿಯ ವೈಫೈಗೆ ಸೇರಿಸಿ, 'ನೋಡ್ರಿ, ಬಂತು' ಎಂದು ತೋರಿಸಿ ಕಳಿಸಿದ. ಹತ್ತು ಹೆಜ್ಜೆ ನಡೆದರೆ ಮತ್ತೆ ಅದೇ ಕಥೆ. ಎರಡನೆಯವನು 'ಸಾಫ್ಟ್‌ವೇರ್ ಹಾಕ್ಬೇಕು' ಎಂದು 900 ರೂಪಾಯಿಗೆ ಇಡೀ ಫೋನನ್ನು ಅಳಿಸಿ ಹೊಸದು ಮಾಡಿದ. ಕೂಸಿನ ನಾಮಕರಣದ ಫೋಟೋಗಳನ್ನು ಅಳಿಯ ಅದರಲ್ಲೇ ತುಂಬಿಕೊಟ್ಟಿದ್ದ, ಅಷ್ಟೂ ಹೋದವು. ನೆಟ್ ಮಾತ್ರ ಬರಲಿಲ್ಲ. ಮೂರನೆಯವನು 'ಆಂಟೆನಾ ಐ.ಸಿ. ಸುಟ್ಟೈತೆ, ಎರಡೂವರೆ ಸಾವಿರ ಆಗ್ತದೆ' ಅಂದ. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಸಾಹುಕಾರರ ಜೇಬು ಎಚ್ಚೆತ್ತಿತ್ತು.

ನಿಜ ಹೇಳಿದವನು ಯಾವ ಅಂಗಡಿಯವನೂ ಅಲ್ಲ, ಸಿಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ. ಪರದೆಯ ಸಾಲನ್ನು ಓದಿ ಒಂದೇ ಮಾತು ಹೇಳಿದ: 'ಫೋನು ಕೆಟ್ಟಿಲ್ಲ ಅಂಕಲ್. ಇದು ಅಮೆರಿಕದ ಕಂಪೆನಿ ಫೋನು. ಅವರ ಸಿಮ್ ಬಿಟ್ರೆ ಬೇರೇದು ತಗೊಳಲ್ಲ. ಬೀಗ ಹಾಕಿದಾರೆ.' ಆ ಹುಡುಗ ತೆಗೆದುಕೊಂಡ ಫೀಸು ಸೊನ್ನೆ.

ಇದು ಒಬ್ಬರ ಕಥೆ ಎಂದು ನಕ್ಕು ಮುಂದೆ ಹೋಗುವಂತಿಲ್ಲ. ವಿದೇಶದಲ್ಲಿ ಮಗನೋ ಮಗಳೋ ಇರುವ ಮನೆಗಳಿಗೆ ಇಂಥ ಫೋನು ಬರುತ್ತಲೇ ಇರುತ್ತವೆ. ಸೆಕೆಂಡ್ ಹ್ಯಾಂಡ್ ಮಾಲಿನಲ್ಲೂ ಸಿಗುತ್ತವೆ. ಬೀಗದ ಸಂಗತಿ ಗೊತ್ತಿಲ್ಲದೆ ಜನ ವೈಫೈ, ಟವರು, ಸಿಮ್ಮು, ರೀಚಾರ್ಜು ಎಂದು ಸಿಕ್ಕಸಿಕ್ಕಿದ್ದನ್ನು ಬೈಯುತ್ತಾ ದುಡ್ಡು ಸುರಿಯುತ್ತಿದ್ದಾರೆ. ಇನ್ನು ಕೆಲವರದ್ದು ತದ್ವಿರುದ್ಧ. ಮನೆಯ ವೈಫೈ ಪೆಟ್ಟಿಗೆಗೆ ಕರೆಂಟೇ ಇರುವುದಿಲ್ಲ, ಇವರು 'ಲಾಕ್ ಬಿದ್ದೈತಂತೆ' ಎಂದು ಫೋನನ್ನು ಬಿಚ್ಚಿಸಲು ಓಡುತ್ತಾರೆ.

ಸಂಗತಿ ಇಷ್ಟೇ. ಫೋನಿಗೆ ನೆಟ್ ಬರುವ ದಾರಿ ಎರಡು. ಒಂದು ಸಿಮ್ಮಿನ ದಾರಿ, ಟವರಿನಿಂದ ಬರುವುದು. ಇನ್ನೊಂದು ವೈಫೈ ದಾರಿ, ಮನೆಯಲ್ಲೋ ಅಂಗಡಿಯಲ್ಲೋ ಗೋಡೆಗೆ ನೇತುಹಾಕಿದ ಪೆಟ್ಟಿಗೆಯಿಂದ ಬರುವುದು. ಕಂಪೆನಿಯವರು ಬೀಗ ಹಾಕುವುದು ಸಿಮ್ಮಿನ ದಾರಿಗೆ ಮಾತ್ರ. ವೈಫೈ ದಾರಿಯಲ್ಲಿ ಗೇಟೂ ಇಲ್ಲ, ಗೇಟ್‌ಕೀಪರೂ ಇಲ್ಲ. ಬೀಗ ಬಿದ್ದ ಫೋನಿನಲ್ಲೂ, ಸಿಮ್ಮೇ ಇಲ್ಲದ ಫೋನಿನಲ್ಲೂ ವೈಫೈ ಓಡುತ್ತದೆ. ಆದ್ದರಿಂದ 'ವೈಫೈ ಬರ್ತಿಲ್ಲ, ಲಾಕ್ ತೆಗೀಬೇಕು' ಎಂದು ಯಾರಾದರೂ ದುಡ್ಡು ಕೇಳಿದರೆ ಆ ಅಂಗಡಿಯ ಮೆಟ್ಟಿಲು ಇಳಿಯುವುದೇ ಲೇಸು. 'ವೈಫೈ ಬರ್ತದೆ, ಹೊರಗೆ ಹೋದ್ರೆ ಇಲ್ಲ' ಎಂದಾದರೆ ಆಗ ಸಿಮ್ಮಿನ ದಾರಿಯನ್ನು ನೋಡಬೇಕು.

ವೈಫೈ ದಾರಿಯ ತನಿಖೆ ಮನೆಯಲ್ಲೇ ಆಗುತ್ತದೆ, ಕಾಸಿನ ಖರ್ಚಿಲ್ಲ. ಅದೇ ವೈಫೈಗೆ ಮನೆಯ ಇನ್ನೊಂದು ಫೋನು ಹಿಡಿದು ನೋಡುವುದು. ಅದರಲ್ಲೂ ನೆಟ್ ಇಲ್ಲವಾದರೆ ಫೋನಿನ ತಪ್ಪಿಲ್ಲ. ಪೆಟ್ಟಿಗೆಯದ್ದೋ ಲೈನಿನದ್ದೋ ತಪ್ಪು. ಫೈಬರ್ ಲೈನಿನ ಪೆಟ್ಟಿಗೆಯಲ್ಲಿ 'ಲಾಸ್' ಎಂದು ಬರೆದ ದೀಪ ಕೆಂಪಗೆ ಉರಿಯುತ್ತಿದ್ದರೆ ತಂತಿ ಎಲ್ಲೋ ತುಂಡಾಗಿದೆ, ಇಲ್ಲವೆ ಬುಡದಲ್ಲಿ ವಿಪರೀತ ಬಗ್ಗಿದೆ ಎಂದರ್ಥ. ರಸ್ತೆ ಅಗೆಯುವವರು ಬೀದಿಗೆ ಬಂದು ಹೋದ ಮರುದಿನ ಆ ದೀಪ ಕೆಂಪಾದರೆ ಆಶ್ಚರ್ಯಪಡಬೇಕಾಗಿಲ್ಲ. ಇಂಥ ಹೊತ್ತಲ್ಲಿ ಫೋನು 'ವೈಫೈ ಸೇರಿದೆ, ಆದರೆ ಇಂಟರ್ನೆಟ್ ಇಲ್ಲ' ಎನ್ನುತ್ತದೆ. ಅದು ಸುಳ್ಳಲ್ಲ. ನಲ್ಲಿ ಇದೆ, ನೀರಿಲ್ಲ.

ಬೇರೆ ಫೋನಿಗೆ ಬಂದು ಈ ಫೋನಿಗೆ ಮಾತ್ರ ಬರದಿದ್ದರೆ ಫೋನಿನೊಳಗೆ ನೋಡಬೇಕು. ವಿಮಾನದ ಚಿತ್ರದ ಗುಂಡಿ ಒತ್ತಿಹೋಗಿದೆಯೇ? ಹಳೇ ಪಾಸ್‌ವರ್ಡ್ ಕೂತಿದೆಯೇ? ಆ ವೈಫೈ ಹೆಸರನ್ನು ಒಮ್ಮೆ 'ಮರೆತುಬಿಡು' ಎಂದು ಫೋನಿಗೆ ಹೇಳಿ, ಮತ್ತೆ ಹೊಸದಾಗಿ ಪಾಸ್‌ವರ್ಡ್ ಕೊಟ್ಟರೆ ಎಷ್ಟೋ ಕೇಸು ಅಲ್ಲೇ ಖುಲಾಸೆ. ಇಂಗ್ಲಿಷಿನ ಓ ಅಕ್ಷರಕ್ಕೂ ಸೊನ್ನೆಗೂ, ದೊಡ್ಡಕ್ಷರಕ್ಕೂ ಚಿಕ್ಕಕ್ಷರಕ್ಕೂ ವ್ಯತ್ಯಾಸವಿದೆ. ಕೇಬಲ್ಲಿನ ಹುಡುಗ ಬೆಂಕಿಪೊಟ್ಟಣದ ಮೇಲೆ ಗೀಚಿಕೊಟ್ಟುಹೋದ ಪಾಸ್‌ವರ್ಡಿನಲ್ಲಿ ಇದು ತಿಳಿಯುವುದೇ ಇಲ್ಲ.

ದಿನಾಂಕವನ್ನೂ ನೋಡಬೇಕು. ಬ್ಯಾಟರಿ ಪೂರಾ ಸತ್ತು ಎದ್ದ ಕೆಲವು ಫೋನುಗಳು 1970ರ ಜನವರಿ 1 ಎಂದು ತಿಳಿದು ಕೂತಿರುತ್ತವೆ. ಹಾಗೆ ಕೂತ ಫೋನಿಗೆ ಬ್ಯಾಂಕಿನ ಪುಟ ತೆರೆಯುವುದಿಲ್ಲ. ಐವತ್ತು ಚಿಲ್ಲರೆ ವರ್ಷ ಹಿಂದೆ ಇರುವವನಿಗೆ ಇಂದಿನ ಬ್ಯಾಂಕು ಬಾಗಿಲು ತೆರೆದೀತೇ?

ಹಳೇ ಮತ್ತು ಅಗ್ಗದ ಫೋನಿನವರು ಇನ್ನೊಂದು ಮಾತು ತಿಳಿದಿರಲಿ. ಈಗಿನ ಪೆಟ್ಟಿಗೆಗಳು ಎರಡು ಬಗೆಯ ಅಲೆ ಬಿಡುತ್ತವೆ, 2.4 ಮತ್ತು 5 ಗಿಗಾಹರ್ಟ್ಸ್ ಎಂದು ಅವಕ್ಕೆ ಹೆಸರು. ಸಣ್ಣ ಫೋನುಗಳಲ್ಲಿ ಹಲವಕ್ಕೆ ಮೊದಲನೆಯದು ಮಾತ್ರ ಗೊತ್ತು. ಎರಡನೆಯದನ್ನೇ ಬಿಟ್ಟರೆ ಪಕ್ಕದಲ್ಲೇ ಕೂತರೂ ವೈಫೈ ಹೆಸರೇ ಕಾಣುವುದಿಲ್ಲ. 5 ವೇಗವಾಗಿ ಓಡುತ್ತದೆ, ಆದರೆ ಗೋಡೆ ದಾಟುವಾಗ ಸೋಲುತ್ತದೆ. ಅಕ್ಕಿ ಮೂಟೆಗಳ ಹಿಂದೆ, ಕಬ್ಬಿಣದ ಬೀರುವಿನ ನೆತ್ತಿಯ ಮೇಲೆ ಪೆಟ್ಟಿಗೆ ಇಟ್ಟು ಗಲ್ಲಾ ಪೆಟ್ಟಿಗೆಯ ಬಳಿ ನೆಟ್ ಇಲ್ಲ ಎಂದು ಗೋಳಾಡುವ ಸಾಹುಕಾರರು ಒಬ್ಬಿಬ್ಬರಲ್ಲ.

ಬಸ್ಸು, ರೈಲಿಗೆ ಓಡಾಡುವವರ ಪಾಡು ಬೇರೆ. ರೈಲ್ವೆ ನಿಲ್ದಾಣದ ರೈಲ್‌ವೈರ್ ವೈಫೈಯಂಥದ್ದು ಸೇರಿದ ತಕ್ಷಣ ಓಡುವುದಿಲ್ಲ. ಒಂದು ಪುಟ ತೆರೆದು ಮೊಬೈಲ್ ನಂಬರು ಕೇಳುತ್ತದೆ, ಆ ನಂಬರಿಗೆ ಒ.ಟಿ.ಪಿ. ಕಳಿಸುತ್ತದೆ, ಅದನ್ನು ಒತ್ತಿದ ಮೇಲೆಯೇ ನೆಟ್. ಬೀಗ ಬಿದ್ದ ಫೋನಿನಲ್ಲಿ ಇಲ್ಲಿನ ಸಿಮ್ ಸತ್ತಂತಿರುವುದರಿಂದ ಆ ಒ.ಟಿ.ಪಿ. ಬರುವುದೇ ಇಲ್ಲ. ಸಿಮ್ಮನ್ನು ಹಳೇ ಡಬ್ಬಾ ಫೋನಿನಲ್ಲಿಟ್ಟು, ಅಲ್ಲಿ ಬಂದ ಅಂಕಿಯನ್ನು ಇಲ್ಲಿ ಒತ್ತಬೇಕು. ಎರಡು ಜೇಬು, ಎರಡು ಫೋನು.

ವ್ಯಾಪಾರಿಗಳಿಗೆ ಇದರ ನಿಜವಾದ ಏಟು ಬೀಳುವುದು ಯು.ಪಿ.ಐ.ಯಲ್ಲಿ. ಮಂಡಿಪೇಟೆಯ ಸಾಹುಕಾರರೂ ಅದಕ್ಕೇ ಅಷ್ಟು ಒದ್ದಾಡಿದ್ದು, ಸಿನಿಮಾ ನೋಡಲಿಕ್ಕಲ್ಲ. ವೈಫೈ ಚೆನ್ನಾಗಿದ್ದರೂ ಹೊಸ ಫೋನಿನಲ್ಲಿ ದುಡ್ಡಿನ ಆ್ಯಪ್ ಎದ್ದು ನಿಲ್ಲಲಿಲ್ಲ. ಕಾರಣ, ಖಾತೆ ಜೋಡಿಸುವಾಗ ಆ್ಯಪ್ ಆ ಫೋನಿನಲ್ಲಿರುವ ಸಿಮ್ಮಿನಿಂದಲೇ ಒಂದು ಎಸ್.ಎಂ.ಎಸ್. ಕಳಿಸಿ, ಇದು ನಿಜಕ್ಕೂ ಖಾತೆದಾರನ ಫೋನೇ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಕಳ್ಳರಿಗೆ ಹಾಕಿದ ಈ ಕಟ್ಟುಪಾಡು ಒಳ್ಳೆಯದೇ. ಆದರೆ ಸಿಮ್ಮನ್ನೇ ಒಪ್ಪದ ಫೋನು ಎಸ್.ಎಂ.ಎಸ್. ಕಳಿಸುವುದು ಹೇಗೆ? ಬೆಂಗಳೂರಿನ ಹೋಲ್‌ಸೇಲ್ ದಲ್ಲಾಳಿಗೆ ಕಳಿಸಬೇಕಾದ ಹಣಕ್ಕೆ ಅವರು ಮಗನನ್ನು ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಬೇಕಾಯಿತು.

ಸಿಮ್ಮಿನ ದಾರಿ ಕೆಟ್ಟಿತೆಂದರೆ ಎಲ್ಲವೂ ಬೀಗವೇ ಎಂದೂ ತಿಳಿಯಬಾರದು. ಆ ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೆ ಓಡುತ್ತದೆಯೇ? ಈ ಫೋನಿಗೆ ಬೇರೆ ಬೇರೆ ಎರಡು ಕಂಪೆನಿಯ ಸಿಮ್ ಹಾಕಿದರೂ ತಿರಸ್ಕರಿಸುತ್ತದೆಯೇ? ಆಗ ಬೀಗದ ಅನುಮಾನ ಗಟ್ಟಿ. ಐಫೋನಿನಲ್ಲಾದರೆ ಊಹೆಯೂ ಬೇಡ: ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಹೋದರೆ ಕ್ಯಾರಿಯರ್ ಲಾಕ್ ಎಂಬ ಸಾಲಿದೆ, ನಿರ್ಬಂಧವಿಲ್ಲ ಎಂದಿದ್ದರೆ ಬೀಗವಿಲ್ಲ. ಕಾಲ್ ಬರುತ್ತದೆ, ನೆಟ್ ಮಾತ್ರ ಇಲ್ಲವಾದರೆ ಅದು ಬಹುತೇಕ ಎ.ಪಿ.ಎನ್. ಎಂಬ ವಿಳಾಸದ ತಪ್ಪು, ಇಲ್ಲವೆ ರೀಚಾರ್ಜು ಮುಗಿದದ್ದು. ಅಮೆರಿಕದ ಐಫೋನಿನವರಿಗೆ ಇನ್ನೊಂದು ತಮಾಷೆ ಕಾದಿರುತ್ತದೆ. 2022ರಲ್ಲಿ ಬಂದ 14ರ ಮಾದರಿಯಿಂದ ಅಲ್ಲಿನ ಐಫೋನುಗಳಲ್ಲಿ ಸಿಮ್ ಇಡುವ ಗೂಡೇ ಇಲ್ಲ, ಇ-ಸಿಮ್ ಮಾತ್ರ. ಗೂಡು ಹುಡುಕಿ ಸೂಜಿ ಚುಚ್ಚಿದವರೂ ಇದ್ದಾರಂತೆ!

'ಲಾಕ್' ಎಂಬ ಒಂದೇ ಪದಕ್ಕೆ ಹಲವು ಅರ್ಥವಿರುವುದೂ ಗೊಂದಲಕ್ಕೆ ಮೂಲ. ಪರದೆ ತೆರೆಯುವ ಬೀಗ ಒಂದು, ಗೂಗಲ್ ಅಥವಾ ಆಪಲ್ ಖಾತೆಯ ಬೀಗ ಇನ್ನೊಂದು, ಕಂತು ಕಟ್ಟದಿದ್ದರೆ ಫೈನಾನ್ಸಿನವರು ಎಳೆಯುವ ಬೀಗ ಮತ್ತೊಂದು, ಈ ಸಿಮ್ ಕಂಪೆನಿಯ ಬೀಗವೇ ಬೇರೆ. ರಿಪೇರಿಯವನು 'ಲಾಕ್ ತೆಗೀತೀನಿ' ಎಂದರೆ ಯಾವ ಲಾಕು ಎಂದು ಕೇಳುವ ಹಕ್ಕು ಗಿರಾಕಿಗಿದೆ. ಫೋನನ್ನು ಪೂರ್ತಿ ಅಳಿಸಿದರೆ ಕಂಪೆನಿಯ ಬೀಗ ಹೋಗುವುದಿಲ್ಲ, ಫೋಟೋ ಮಾತ್ರ ಹೋಗುತ್ತವೆ. ತಪ್ಪು ಪಿನ್ನನ್ನು ಮೇಲಿಂದ ಮೇಲೆ ಒತ್ತಿದರೆ ಕೆಲವು ಫೋನು ಆ ಬಾಗಿಲನ್ನು ಶಾಶ್ವತವಾಗಿ ಮುಚ್ಚಿಕೊಳ್ಳುವುದೂ ಉಂಟು.

ಹಾಗಾದರೆ ತೆಗೆಯುವವರು ಯಾರು? ಹಾಕಿದವರೇ. ಕಂತು ಪೂರಾ ತೀರಿರಬೇಕು, ಕಳವು ಮಾಲಿನ ಪಟ್ಟಿಯಲ್ಲಿ ಇರಬಾರದು, ಅವರ ನೆಟ್‌ವರ್ಕಿನಲ್ಲಿ ಇಂತಿಷ್ಟು ದಿನ ಓಡಿರಬೇಕು. ಇಷ್ಟಿದ್ದರೆ ಫೋನಿನ 15 ಅಂಕಿಯ ಐ.ಎಂ.ಇ.ಐ. ನಂಬರು ಕೊಟ್ಟು ಕೇಳಿದಾಗ ಅವರು ಬೀಗ ತೆಗೆಯುತ್ತಾರೆ. ಆ ನಂಬರು ಬೇಕಾದರೆ ಫೋನಿನಲ್ಲಿ *#06# ಒತ್ತಬೇಕು. ಬೀಗದ ಕೈ ಬಹುಮಟ್ಟಿಗೆ ಕಂಪೆನಿಯ ಕಂಪ್ಯೂಟರಿನಲ್ಲಿರುತ್ತದೆ, ದಾವಣಗೆರೆಯ ಯಾವ ಟೇಬಲ್ ಲ್ಯಾಂಪಿನ ಕೆಳಗೂ ಇರುವುದಿಲ್ಲ.

'ಐ.ಎಂ.ಇ.ಐ. ಬದಲಾಯಿಸಿ ಕೊಡ್ತೀನಿ' ಎನ್ನುವವನ ನೆರಳೂ ಬೇಡ. ಅದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಂಗ್ಲಿಷಿನಲ್ಲಿ ಕೆ.ವೈ.ಎಂ. ಎಂಬ ಮೂರಕ್ಷರ ಬರೆದು, ಜಾಗ ಬಿಟ್ಟು ಆ ನಂಬರು ಬರೆದು, 14422ಕ್ಕೆ ಎಸ್.ಎಂ.ಎಸ್. ಕಳಿಸಿದರೆ ಫೋನಿನ ಜಾತಕ ಬರುತ್ತದೆ. ಎಲ್ಲ ರಿಪೇರಿಯವರೂ ಒಂದೇ ಅಲ್ಲ ಎನ್ನಿ. 'ಇದು ನಮ್ ಕೈಲಿ ಆಗಲ್ಲ, ಕಂಪೆನಿಗೇ ಕೇಳ್ರಿ' ಎಂದು ಕೈಮುಗಿದು ಕಳಿಸುವ ಮರ್ಯಾದಸ್ಥರೂ ಅದೇ ಬೀದಿಯಲ್ಲಿದ್ದಾರೆ. ಅವರಿಗೆ ಆ ಮಾತಿಗೆ ಯಾರೂ ಕಾಸು ಕೊಡುವುದಿಲ್ಲ, ಅಷ್ಟೇ.

ಬೀಗದ ಫೋನು ಅಮೆರಿಕದಿಂದಲೇ ಬರಬೇಕಾಗಿಲ್ಲ. ಈ ದೇಶ ಅದನ್ನು ಹಿಂದೆಯೇ ಕಂಡಿದೆ. 2003ರಲ್ಲಿ ರಿಲಯನ್ಸಿನವರು 501 ರೂಪಾಯಿ ಕಟ್ಟಿದರೆ ಫೋನು ಎಂದಾಗ ಜನ ಮುಗಿಬಿದ್ದರು. ಆ ಫೋನುಗಳಲ್ಲಿ ಸಿಮ್ಮೇ ಇರಲಿಲ್ಲ, ನಂಬರು ಫೋನಿನ ಹೊಟ್ಟೆಯೊಳಗೇ ಇತ್ತು. ಕಂಪೆನಿ ಬೇಡವೆಂದರೆ ಫೋನನ್ನೇ ಎಸೆಯಬೇಕು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಜಿಯೋಫೋನ್ ಬಂತು, 2023ರಲ್ಲಿ 999 ರೂಪಾಯಿಗೆ ಜಿಯೋಭಾರತ್ ಬಂತು. ಎರಡಕ್ಕೂ ಜಿಯೋ ಸಿಮ್ಮೇ ಗತಿ. ಬಡವರ ಕೈಗೆ ಅಗ್ಗದಲ್ಲಿ ನೆಟ್ ಕೊಟ್ಟದ್ದು ಸುಳ್ಳಲ್ಲ. ಕಡಿಮೆ ಬೆಲೆಗೆ ಕೊಟ್ಟ ಕಂಪೆನಿ ತನ್ನ ಗಿರಾಕಿಯನ್ನು ಕೆಲಕಾಲ ಹಿಡಿದಿಟ್ಟುಕೊಳ್ಳುವುದು ವ್ಯಾಪಾರಿಗಳಿಗೆ ಅರ್ಥವಾಗದ ಸಂಗತಿಯೂ ಅಲ್ಲ. ಸಾಲ ಕೊಟ್ಟವನು ಗಿರಾಕಿಯ ಮೇಲೆ ಕಣ್ಣಿಡುವುದು ಇದ್ದದ್ದೇ. ಆದರೆ ಸಾಲ ತೀರಿದ ಮೇಲೂ ಗಿರಾಕಿಯ ಚೀಲ ಹಿಡಿದು ನಿಲ್ಲುವ ಕಿರಾಣಿಯವನನ್ನು ಮಂಡಿಪೇಟೆ ಒಪ್ಪೀತೇ?

ಇನ್ನೂ ವಿಚಿತ್ರ ನೋಡಿ. 2011ರ ಜನವರಿಯಿಂದ ಇಡೀ ದೇಶದಲ್ಲಿ ನಂಬರು ಉಳಿಸಿಕೊಂಡೇ ಕಂಪೆನಿ ಬದಲಿಸುವ ಹಕ್ಕು ಬಂದಿದೆ. ಸಿಗ್ನಲ್ ಸರಿಯಿಲ್ಲ, ಬೆಲೆ ಜಾಸ್ತಿಯಾಯಿತು ಎಂದರೆ ಅದೇ ನಂಬರಿನೊಂದಿಗೆ ಇನ್ನೊಬ್ಬರ ಬಳಿ ಹೋಗಬಹುದು. ಬೀಗದ ಫೋನು ಕೊಂಡವನಿಗೆ ಈ ಹಕ್ಕು ಕಾಗದದ ಮೇಲೆ ಮಾತ್ರ. ನಂಬರು ಹೊರಡುತ್ತದೆ, ಫೋನು ಹೊಸ್ತಿಲಲ್ಲೇ ಕೂರುತ್ತದೆ.

ಬೇರೆ ದೇಶಗಳು ಇದನ್ನು ಕಾನೂನಿನಿಂದ ಸರಿಪಡಿಸಿವೆ. ಕೆನಡಾದಲ್ಲಿ 2017ರ ಡಿಸೆಂಬರಿನಿಂದ ಹೊಸ ಫೋನು ಬೀಗವಿಲ್ಲದೆಯೇ ಗಿರಾಕಿಯ ಕೈ ಸೇರಬೇಕು. ಬ್ರಿಟನ್ 2021ರ ಡಿಸೆಂಬರಿನಲ್ಲಿ ಬೀಗದ ಫೋನುಗಳ ಮಾರಾಟ ನಿಲ್ಲಿಸಿತು. ಜಪಾನು ಅದೇ ವರ್ಷ ಅಕ್ಟೋಬರಿನಿಂದ ತಾತ್ವಿಕವಾಗಿ ನಿಷೇಧಿಸಿತು. ಅಮೆರಿಕ ಮಾತ್ರ 2014ರಲ್ಲಿ ಬೀಗ ತೆರೆಯುವುದು ಅಪರಾಧವಲ್ಲ ಎಂಬಷ್ಟರ ಮಟ್ಟಿಗೆ ಕಾಯ್ದೆ ತಂದು, ಬೀಗ ಹಾಕುವುದನ್ನು ಕಂಪೆನಿಗಳಿಗೇ ಬಿಟ್ಟಿತು. ಇಲ್ಲಿಗೆ ಬರುವ ಉಡುಗೊರೆಗಳು ಅಲ್ಲಿಂದಲೇ ಬರಬೇಕೆ!

ಇಲ್ಲಿ ಬೀಗದ ಫೋನು ಪೂರಾ ನಿಲ್ಲಿಸಿ ಎಂದರೆ ಸಾವಿರ ರೂಪಾಯಿಯ ಫೋನೂ ನಿಂತೀತು, ಅದರ ಏಟು ಹಮಾಲರಿಗೆ, ಹೂ ಮಾರುವವರಿಗೆ. ಆದ್ದರಿಂದ ಕೇಳಬೇಕಾದ್ದು ಚಿಕ್ಕದು. ಬಿಸ್ಕತ್ತಿನ ಪೊಟ್ಟಣದ ಮೇಲೆ ಬೆಲೆ, ತೂಕ, ತಯಾರಾದ ತಿಂಗಳು ಇರಲೇಬೇಕೆಂದು ಕಾನೂನಿದೆ. ತೂಕ ಅಚ್ಚಾಗಿಲ್ಲದಿದ್ದರೆ ಇನ್‌ಸ್ಪೆಕ್ಟರು ಅಂಗಡಿಗೆ ಬರುತ್ತಾರೆ. ಫೋನಿನ ಡಬ್ಬದ ಮೇಲೆ 'ಇದಕ್ಕೆ ಇಂಥವರ ಸಿಮ್ ಮಾತ್ರ, ಬೀಗ ತೆರೆಯುವುದು ಇಂಥ ದಿನ, ಕೇಳಬೇಕಾದ್ದು ಇಲ್ಲಿ' ಎಂದು ದಪ್ಪಕ್ಷರದ ಕನ್ನಡದಲ್ಲಿ ಮೂರು ಸಾಲು ಹಾಕಲು ಟ್ರಾಯ್‌ನವರು ಏಕೆ ಹೇಳಬಾರದು? ಸೆಕೆಂಡ್ ಹ್ಯಾಂಡ್ ಅಂಗಡಿಯವರು ಬಿಲ್ಲಿನಲ್ಲಿ 'ಬೀಗ ಇದೆ' ಅಥವಾ 'ಇಲ್ಲ' ಎಂದು ಒಂದು ಪದ ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಮೊಬೈಲ್ ವರ್ತಕರು ನಾಳೆಯಿಂದಲೇ ಶುರು ಮಾಡಬಹುದು. ಗಿರಾಕಿಯೂ ಕೊಳ್ಳುವ ಮುಂಚೆ ತನ್ನ ಸಿಮ್ಮನ್ನು ಅಲ್ಲೇ ಹಾಕಿ, ವೈಫೈ ಆರಿಸಿ, ಒಂದು ಕಾಲ್ ಮಾಡಿ, ಒಂದು ಪುಟ ತೆರೆದು ನೋಡಲಿ. ತೆಂಗಿನಕಾಯಿ ಕೊಳ್ಳುವಾಗ ಅಲ್ಲಾಡಿಸಿ ನೋಡುವವರು ಇಪ್ಪತ್ತು ಸಾವಿರದ ಫೋನನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳುತ್ತಾರಲ್ಲ!

ಅಂದ ಹಾಗೆ, ಮಂಡಿಪೇಟೆಯ ಸಾಹುಕಾರರು ಈಗ ಗಲ್ಲಾ ಪೆಟ್ಟಿಗೆಯ ಮೇಲೆ ಎರಡು ಫೋನಿಟ್ಟುಕೊಂಡಿದ್ದಾರೆ. ಸಿಮ್ಮು ಹಳೆಯದರಲ್ಲೇ ಇದೆ, ಯು.ಪಿ.ಐ.ಯೂ ಅದರಲ್ಲೇ. ಹಳೇ ಫೋನು ಹಾಟ್‌ಸ್ಪಾಟ್ ಬಿಟ್ಟು ಹೊಸದಕ್ಕೆ ವೈಫೈ ಉಣಿಸುತ್ತದೆ, ಹೊಸದರಲ್ಲಿ ಮೊಮ್ಮಗು ಆಡುತ್ತದೆ. ಕಡೆಗೂ ಧೈರ್ಯ ಮಾಡಿ ಅಳಿಯನಿಗೆ ವಿಷಯ ಹೇಳಿದರಂತೆ. ಅವನು ಅಲ್ಲಿನ ಕಂಪೆನಿಗೆ ಬರೆದ, ಉತ್ತರವೂ ಬಂತು. ಬೀಗ ತೆಗೆಯಲು ತಕರಾರಿಲ್ಲವಂತೆ, ಕಂತು ತೀರಿದ ಮರುದಿನವೇ ತೆಗೆಯುತ್ತಾರಂತೆ. ಇನ್ನು ಏಳು ಬಾಕಿ ಇವೆ.